ಮಕ್ಕಳ ಸಿ.ಟಿ. ಸ್ಕ್ಯಾನ್: ವಿಕಿರಣ ಪ್ರಮಾಣದ ಲೆಕ್ಕ ಮತ್ತು ಹಿತಮಿತ ಬಳಕೆ

ನವಿ ಮುಂಬಯಿಯ ಕಳಂಬೋಲಿ ಉಕ್ಕಿನ ಮಾರುಕಟ್ಟೆಗೆ ಹೆಸರಾದ ಊರು. ಸಿಯಾನ್–ಪನ್ವೇಲ್ ಹೆದ್ದಾರಿಯನ್ನು ಮುಂಬಯಿ–ಪುಣೆ ದ್ರುತಮಾರ್ಗವು ಕೂಡುವುದು ಇಲ್ಲಿಯೇ. ಸರಕು ಲಾರಿಗಳ ಸಂಚಾರ ಇಲ್ಲಿ ಹಗಲಿರುಳೂ ನಿಲ್ಲುವುದಿಲ್ಲ. ಸಿಡ್ಕೊ ಸಂಸ್ಥೆಯು ರೂಪಿಸಿದ ವಸತಿ ಬಡಾವಣೆಗಳಲ್ಲಿ ಕನ್ನಡಿಗರೂ ಸೇರಿದಂತೆ ದೇಶದ ನಾನಾ ಭಾಗಗಳಿಂದ ಬಂದ ಕುಟುಂಬಗಳು ನೆಲೆಸಿವೆ. ಇಂತಹ ಊರಿನಲ್ಲಿ ಮಕ್ಕಳು ಮೆಟ್ಟಿಲಿನಿಂದ ಉರುಳಿ ಬೀಳುವುದು, ಸೈಕಲ್ಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಳ್ಳುವುದು ಅಪರೂಪವಲ್ಲ. ಗಾಬರಿಗೊಂಡ ತಂದೆತಾಯಿಗಳು ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಧಾವಿಸಿದಾಗ ಅವರ ಬಾಯಿಂದ ಬರುವ ಮೊದಲ ಮಾತು, “ಡಾಕ್ಟರೇ, ಒಮ್ಮೆ ಸ್ಕ್ಯಾನ್ ಮಾಡಿಸಿಬಿಡಿ” ಎಂಬುದು.

ವಿಕಿರಣ ವಿಜ್ಞಾನಕ್ಕೆ ಸಂಬಂಧಿಸಿದ ದೇಶದ ಪ್ರಮುಖ ಸಂಸ್ಥೆಗಳು ಈ ಊರಿನ ನೆರೆಹೊರೆಯಲ್ಲಿಯೇ ಇವೆ. ಪಕ್ಕದ ಖಾರ್‌ಘರ್‌ನಲ್ಲಿ ಟಾಟಾ ಸ್ಮಾರಕ ಕೇಂದ್ರದ ಉನ್ನತ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನಾ ಸಂಸ್ಥೆಯಿದೆ. ವಾಶಿಯಲ್ಲಿ ವಿಕಿರಣ ಮತ್ತು ಐಸೊಟೋಪ್ ತಂತ್ರಜ್ಞಾನ ಮಂಡಳಿಯಿದೆ. ಥಾಣೆ ಖಾಡಿಯ ಆಚೆ ದಡದಲ್ಲಿ ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರವೂ ಅಣುಶಕ್ತಿ ನಗರದಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯೂ ಇವೆ. ಈ ಸಂಸ್ಥೆಗಳಲ್ಲಿರುವ ತಿಳಿವಳಿಕೆಯು ಸ್ಕ್ಯಾನ್ ಕೊಠಡಿಯ ಬಾಗಿಲಿನವರೆಗೂ, ಅಲ್ಲಿಂದ ಮನೆಯವರೆಗೂ ತಲುಪಬೇಕಾದುದು ಅಗತ್ಯ. ಮಗುವಿಗೆ ಸಿ.ಟಿ. ಸ್ಕ್ಯಾನ್ ಮಾಡಿದಾಗ ಅದರ ದೇಹಕ್ಕೆ ಎಷ್ಟು ವಿಕಿರಣ ತಗಲುತ್ತದೆ, ಅದನ್ನು ಲೆಕ್ಕ ಹಾಕುವುದು ಹೇಗೆ, ರೋಗನಿರ್ಣಯಕ್ಕೆ ಕುಂದು ಬಾರದಂತೆ ಅದನ್ನು ತಗ್ಗಿಸುವುದು ಹೇಗೆ ಎಂಬುದನ್ನು ವಿವರಿಸುವುದೇ ಈ ಪಾಠದ ಉದ್ದೇಶ. ಆರೋಗ್ಯ ಕಾರ್ಯಕರ್ತರು, ತಂತ್ರಜ್ಞರಾಗಿ ತರಬೇತಿ ಪಡೆಯುತ್ತಿರುವವರು ಮತ್ತು ತಂದೆತಾಯಿಗಳನ್ನು ಗಮನದಲ್ಲಿಟ್ಟು ಇದನ್ನು ಸಿದ್ಧಪಡಿಸಲಾಗಿದೆ.

1. ಸಿ.ಟಿ. ಸ್ಕ್ಯಾನ್ ಎಂದರೇನು?

ಸಾಮಾನ್ಯ ಎಕ್ಸ್-ರೇ ಚಿತ್ರವು ದೇಹದ ನೆರಳಿನಂತೆ. ಮುಂದಿನ ಮತ್ತು ಹಿಂದಿನ ಅಂಗಗಳೆಲ್ಲವೂ ಅದರಲ್ಲಿ ಒಂದರ ಮೇಲೊಂದು ಬಿದ್ದಿರುತ್ತವೆ. ಸಿ.ಟಿ. ಯಂತ್ರದಲ್ಲಿಯಾದರೋ ಕ್ಷ-ಕಿರಣದ ಟ್ಯೂಬು ರೋಗಿಯ ಸುತ್ತಲೂ ತಿರುಗುತ್ತದೆ. ಎದುರು ಬದಿಯಲ್ಲಿರುವ ಗ್ರಾಹಕಗಳು ದೇಹವನ್ನು ಹಾದು ಬಂದ ಕಿರಣಗಳನ್ನು ಅಳೆಯುತ್ತವೆ. ಈ ಅಳತೆಗಳಿಂದ ಗಣಕಯಂತ್ರವು ದೇಹದ ಅಡ್ಡಕೊಯ್ತದ ಚಿತ್ರಗಳನ್ನು ರಚಿಸುತ್ತದೆ. ಈ ವಿಧಾನದಿಂದ ರೋಗಿಯೊಬ್ಬರ ಪ್ರಥಮ ಪರೀಕ್ಷೆ ನಡೆದುದು 1971ರ ಅಕ್ಟೋಬರ್ 1ರಂದು, ಲಂಡನ್ನಿನಲ್ಲಿ. ಇದನ್ನು ರೂಪಿಸಿದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಮತ್ತು ಗಣಿತದ ತಳಹದಿಯನ್ನು ಒದಗಿಸಿದ ಅಲನ್ ಕಾರ್ಮ್ಯಾಕ್ ಅವರಿಗೆ 1979ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ತಲೆಯೊಳಗಿನ ರಕ್ತಸ್ರಾವ, ತಲೆಬುರುಡೆಯ ಬಿರುಕು, ಗಡ್ಡೆ ಮುಂತಾದುವನ್ನು ಕೆಲವೇ ಕ್ಷಣಗಳಲ್ಲಿ ತೋರಿಸಿಕೊಡುವ ಈ ಪರೀಕ್ಷೆಯು ಅಸಂಖ್ಯಾತ ಮಕ್ಕಳ ಪ್ರಾಣವನ್ನು ಉಳಿಸಿದೆ. ಆದರೆ ಎಲ್ಲ ಕಡೆಯಿಂದಲೂ ಕಿರಣ ಹಾಯಿಸಬೇಕಾದುದರಿಂದ ಸಾಮಾನ್ಯ ಎಕ್ಸ್-ರೇಗಿಂತ ಇದರಲ್ಲಿ ವಿಕಿರಣದ ಪ್ರಮಾಣ ಹಲವು ಪಟ್ಟು ಹೆಚ್ಚು.

2. ಮಕ್ಕಳ ವಿಷಯದಲ್ಲಿ ವಿಶೇಷ ಎಚ್ಚರ ಏಕೆ?

ಇದಕ್ಕೆ ಮೂರು ಕಾರಣಗಳಿವೆ. ಮೊದಲನೆಯದಾಗಿ, ಬೆಳೆಯುವ ದೇಹದಲ್ಲಿ ಜೀವಕೋಶಗಳು ವೇಗವಾಗಿ ವಿಭಜನೆಗೊಳ್ಳುತ್ತಿರುತ್ತವೆ. ಅಂತಹ ಕೋಶಗಳಿಗೆ ವಿಕಿರಣದಿಂದ ಹಾನಿಯಾಗುವ ಸಂಭವ ಹೆಚ್ಚು. ಎರಡನೆಯದಾಗಿ, ವಿಕಿರಣದ ಪರಿಣಾಮವಾಗಿ ಕ್ಯಾನ್ಸರ್ ತಲೆದೋರುವುದಾದರೆ ಅದಕ್ಕೆ ಹಲವು ವರ್ಷಗಳು ಹಿಡಿಯುತ್ತವೆ. ಮಗುವಿನ ಮುಂದೆ ಅಷ್ಟು ದೀರ್ಘವಾದ ಆಯುಷ್ಯವಿದೆ. ಮೂರನೆಯದಾಗಿ, ಮಗುವಿನ ದೇಹ ಚಿಕ್ಕದು. ದಪ್ಪ ದೇಹದಲ್ಲಿ ಹೊರಪದರಗಳೇ ಕಿರಣವನ್ನು ಬಹುಮಟ್ಟಿಗೆ ಹೀರಿಕೊಂಡು ಒಳಗಿನ ಅಂಗಗಳಿಗೆ ತಡೆಯಾಗುತ್ತವೆ. ಚಿಕ್ಕ ದೇಹಕ್ಕೆ ಆ ತಡೆಯಿಲ್ಲ. ಆದುದರಿಂದ ವಯಸ್ಕರಿಗೆ ಹೊಂದಿಸಿದ ಯಂತ್ರದಲ್ಲಿಯೇ ಮಗುವನ್ನೂ ಪರೀಕ್ಷಿಸಿದರೆ ಅದರ ಒಳಾಂಗಗಳಿಗೆ ಅನಗತ್ಯವಾಗಿ ಹೆಚ್ಚು ವಿಕಿರಣ ತಗಲುತ್ತದೆ.

ಅಪಾಯದ ಅಳವು ಎಷ್ಟು? ಯುರೋಪಿನ ಒಂಬತ್ತು ದೇಶಗಳಲ್ಲಿ, 22 ವರ್ಷ ತುಂಬುವ ಮೊದಲು ಸಿ.ಟಿ. ಪರೀಕ್ಷೆಗೊಳಗಾದ ಸುಮಾರು ಒಂಬತ್ತೂವರೆ ಲಕ್ಷ ಜನರನ್ನು ಕುರಿತ ಅಧ್ಯಯನದ ಫಲಿತಾಂಶವು 2023ರಲ್ಲಿ ಪ್ರಕಟವಾಯಿತು. ಈಗಿನ ಪ್ರಮಾಣದಲ್ಲಿ ಪರೀಕ್ಷೆಗೊಳಗಾಗುವ 10,000 ಮಕ್ಕಳಲ್ಲಿ ಮುಂದಿನ 12 ವರ್ಷಗಳಲ್ಲಿ ಒಬ್ಬರಿಗೋ ಇಬ್ಬರಿಗೋ ಆ ಪರೀಕ್ಷೆಯ ಕಾರಣದಿಂದ ರಕ್ತಸಂಬಂಧಿ ಕ್ಯಾನ್ಸರ್ ಉಂಟಾಗಬಹುದೆಂದು ಅದು ಅಂದಾಜು ಮಾಡಿತು. ಒಂದು ಮಗುವಿನ ಮಟ್ಟಿಗೆ ಇದು ಅತ್ಯಲ್ಪ ಅಪಾಯ. ಮಿದುಳಿನೊಳಗೆ ರಕ್ತ ಸುರಿಯುತ್ತಿದೆಯೆಂಬ ಶಂಕೆಯಿರುವಾಗ ಇದಕ್ಕೆ ಹೆದರಿ ಪರೀಕ್ಷೆಯನ್ನು ನಿರಾಕರಿಸುವುದು ದೊಡ್ಡ ತಪ್ಪಾಗುತ್ತದೆ. ಆದರೆ ಲಕ್ಷಾಂತರ ಮಕ್ಕಳು ಪರೀಕ್ಷೆಗೊಳಗಾಗುವ ದೇಶದಲ್ಲಿ ಅನಗತ್ಯ ಪರೀಕ್ಷೆಗಳಿಂದ, ಅನಗತ್ಯ ಪ್ರಮಾಣದಿಂದ ಆಗುವ ನಷ್ಟವನ್ನು ಕಡೆಗಣಿಸಲಾಗದು.

3. ಅಳತೆಯ ಮಾನಗಳು

ಪರೀಕ್ಷೆ ಮುಗಿದ ಕೂಡಲೇ ಯಂತ್ರದ ತೆರೆಯ ಮೇಲೆ ಎರಡು ಸಂಖ್ಯೆಗಳು ಕಾಣಿಸಿಕೊಳ್ಳುತ್ತವೆ.

ಸಿ.ಟಿ.ಡಿ.ಐ.: ಇದು ಪರೀಕ್ಷಿಸಿದ ಭಾಗದಲ್ಲಿ ಯಂತ್ರವು ಹೊರಹಾಕಿದ ವಿಕಿರಣದ ತೀವ್ರತೆಯನ್ನು ಸೂಚಿಸುತ್ತದೆ. ಇದರ ಮಾನ ಮಿಲಿಗ್ರೇ.

ಡಿ.ಎಲ್.ಪಿ.: ಸಿ.ಟಿ.ಡಿ.ಐ. ಅನ್ನು ಪರೀಕ್ಷಿಸಿದ ಭಾಗದ ಉದ್ದದಿಂದ ಗುಣಿಸಿದರೆ ದೊರೆಯುವ ಸಂಖ್ಯೆ. ಇದರ ಮಾನ ಮಿಲಿಗ್ರೇ-ಸೆಂಟಿಮೀಟರ್.

ಇಲ್ಲಿ ಒಂದು ಮುಖ್ಯ ವಿಷಯವನ್ನು ಮನಗಾಣಬೇಕು. ಸಿ.ಟಿ.ಡಿ.ಐ. ಎಂಬುದು ಮಗುವಿನ ದೇಹಕ್ಕೆ ತಗಲಿದ ಪ್ರಮಾಣವಲ್ಲ. ಫ್ಯಾಂಟಮ್ ಎಂದು ಕರೆಯಲಾಗುವ ಅಕ್ರಿಲಿಕ್ ಉರುಳೆಯಲ್ಲಿ ಅಳೆದ ಪ್ರಮಾಣ ಅದು. ತಲೆಯ ಪರೀಕ್ಷೆಗೆ 16 ಸೆಂಟಿಮೀಟರ್ ವ್ಯಾಸದ ಉರುಳೆಯನ್ನೂ ಎದೆ ಮತ್ತು ಹೊಟ್ಟೆಯ ಪರೀಕ್ಷೆಗೆ 32 ಸೆಂಟಿಮೀಟರ್ ವ್ಯಾಸದ ಉರುಳೆಯನ್ನೂ ಆಧಾರವಾಗಿ ಇಟ್ಟುಕೊಳ್ಳುವುದು ವಾಡಿಕೆ. ಪುಟ್ಟ ಮಗುವಿನ ಹೊಟ್ಟೆಯನ್ನು ಪರೀಕ್ಷಿಸಿ 32 ಸೆಂಟಿಮೀಟರ್ ಉರುಳೆಯ ಲೆಕ್ಕವನ್ನು ತೋರಿಸಿದರೆ, ಆ ಸಂಖ್ಯೆಯು ನಿಜವಾದ ಪ್ರಮಾಣದ ಅರ್ಧದಷ್ಟೋ ಅದಕ್ಕೂ ಕಡಿಮೆಯೋ ಆಗಿರಬಹುದು. ತೆರೆಯ ಮೇಲೆ ಸಂಖ್ಯೆ ಚಿಕ್ಕದಾಗಿದೆಯೆಂದು ಸಮಾಧಾನಪಟ್ಟುಕೊಳ್ಳುವ ತಂತ್ರಜ್ಞನು ಮೊದಲು ಯಾವ ಉರುಳೆಯ ಲೆಕ್ಕವೆಂಬುದನ್ನು ನೋಡಬೇಕು.

ಪರಿಣಾಮಕಾರಿ ಪ್ರಮಾಣ: ದೇಹದ ಬೇರೆ ಬೇರೆ ಅಂಗಗಳು ವಿಕಿರಣಕ್ಕೆ ಬೇರೆ ಬೇರೆ ರೀತಿಯಲ್ಲಿ ಸ್ಪಂದಿಸುತ್ತವೆ. ಈ ವ್ಯತ್ಯಾಸವನ್ನು ಗಣನೆಗೆ ತೆಗೆದುಕೊಂಡು ಇಡೀ ದೇಹಕ್ಕೆ ಅನ್ವಯಿಸಿ ಹೇಳುವ ಪ್ರಮಾಣವಿದು. ಇದರ ಮಾನ ಮಿಲಿಸೀವರ್ಟ್. ನೆಲ, ಗಾಳಿ, ಆಹಾರ ಮತ್ತು ಆಕಾಶದಿಂದ ಪ್ರತಿಯೊಬ್ಬರಿಗೂ ಸಹಜವಾಗಿ ತಗಲುವ ವಿಕಿರಣವು ಜಾಗತಿಕ ಸರಾಸರಿಯಲ್ಲಿ ವರ್ಷಕ್ಕೆ 2.4 ಮಿಲಿಸೀವರ್ಟ್. ಮೊನಜೈಟ್ ಮರಳಿರುವ ಕೇರಳದ ಚವರ ಕರಾವಳಿ, ಮಂಗಳೂರಿನ ಬಳಿಯ ಉಳ್ಳಾಲ ಮುಂತಾದೆಡೆ ಸಹಜ ವಿಕಿರಣವು ಇತರ ಸ್ಥಳಗಳಿಗಿಂತ ಹೆಚ್ಚು.

4. ಲೆಕ್ಕ ಹಾಕುವ ವಿಧಾನ

ಡಿ.ಎಲ್.ಪಿ.ಯನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಿದರೆ ಪರಿಣಾಮಕಾರಿ ಪ್ರಮಾಣದ ಅಂದಾಜು ದೊರೆಯುತ್ತದೆ. ತಲೆಯ ಪರೀಕ್ಷೆಗೆ ಬಳಕೆಯಲ್ಲಿರುವ ಗುಣಕಗಳು ಹೀಗಿವೆ:

ನವಜಾತ ಶಿಶು – 0.011
1 ವರ್ಷ – 0.0067
5 ವರ್ಷ – 0.0040
10 ವರ್ಷ – 0.0032
ವಯಸ್ಕರು – 0.0021

ಉದಾಹರಣೆ 1: ಐದು ವರ್ಷದ ಮಗುವಿನ ತಲೆಯನ್ನು ಪರೀಕ್ಷಿಸಲಾಯಿತೆಂದು ಭಾವಿಸೋಣ. ಸಿ.ಟಿ.ಡಿ.ಐ. 25 ಮಿಲಿಗ್ರೇ, ಪರೀಕ್ಷಿಸಿದ ಉದ್ದ 16 ಸೆಂಟಿಮೀಟರ್.
ಡಿ.ಎಲ್.ಪಿ. = 25 × 16 = 400.
ಪರಿಣಾಮಕಾರಿ ಪ್ರಮಾಣ = 400 × 0.0040 = 1.6 ಮಿಲಿಸೀವರ್ಟ್.
ಅಂದರೆ ಸುಮಾರು ಎಂಟು ತಿಂಗಳ ಸಹಜ ವಿಕಿರಣಕ್ಕೆ ಸಮ. ಇದೇ 400ರ ಡಿ.ಎಲ್.ಪಿ. ಒಂದು ವರ್ಷದ ಮಗುವಿಗಾದರೆ 2.7, ವಯಸ್ಕರಿಗಾದರೆ 0.84 ಮಿಲಿಸೀವರ್ಟ್ ಆಗುತ್ತದೆ. ಯಂತ್ರವು ತೋರಿಸುವ ಸಂಖ್ಯೆ ಒಂದೇ ಆದರೂ ಮಗುವಿನ ಪಾಲಿಗೆ ಬರುವ ಹೊರೆ ಮೂರು ಪಟ್ಟು ಹೆಚ್ಚಾಯಿತೆಂಬುದನ್ನು ಗಮನಿಸಿರಿ.

ಎದೆ ಮತ್ತು ಹೊಟ್ಟೆಯ ವಿಷಯದಲ್ಲಿ ಮಗುವಿನ ಗಾತ್ರವನ್ನೇ ಅಳೆದು ಲೆಕ್ಕ ಹಾಕುವುದು ಹೆಚ್ಚು ನಂಬಲರ್ಹ. ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘವು 2011ರಲ್ಲಿ ಈ ವಿಧಾನವನ್ನು ಪ್ರಕಟಿಸಿತು. ದೇಹದ ಮುಂಬದಿಯಿಂದ ಹಿಂಬದಿಗೆ ಇರುವ ದಪ್ಪವನ್ನೂ ಎಡಬಲದ ಅಗಲವನ್ನೂ ಗುಣಿಸಿ ವರ್ಗಮೂಲ ತೆಗೆದರೆ ಸಮಾನ ವ್ಯಾಸ ಸಿಗುತ್ತದೆ. 32 ಸೆಂಟಿಮೀಟರ್ ಉರುಳೆಯ ಲೆಕ್ಕಕ್ಕೆ ಅನ್ವಯಿಸುವ ಗುಣಕಗಳು ಇವು: ಸಮಾನ ವ್ಯಾಸ 15 ಸೆಂಟಿಮೀಟರ್ ಆದರೆ 2.14, 20 ಆದರೆ 1.78, 25 ಆದರೆ 1.48, 30 ಆದರೆ 1.23.

ಉದಾಹರಣೆ 2: ಮಗುವಿನ ಹೊಟ್ಟೆಯ ದಪ್ಪ 15, ಅಗಲ 20 ಸೆಂಟಿಮೀಟರ್.
ಸಮಾನ ವ್ಯಾಸ = 300ರ ವರ್ಗಮೂಲ = 17.3 ಸೆಂಟಿಮೀಟರ್. ಇದಕ್ಕೆ ಗುಣಕ ಸುಮಾರು 1.96.
ತೆರೆಯ ಮೇಲಿನ ಸಿ.ಟಿ.ಡಿ.ಐ. 3 ಮಿಲಿಗ್ರೇ ಆಗಿದ್ದರೆ ಮಗುವಿಗೆ ತಗಲಿದ ಪ್ರಮಾಣ 3 × 1.96 = 5.9 ಮಿಲಿಗ್ರೇ.

ಪರಿಣಾಮಕಾರಿ ಪ್ರಮಾಣವು ವಿಧಾನಗಳನ್ನು ಒಂದಕ್ಕೊಂದು ಹೋಲಿಸಿ ನೋಡಲು ನೆರವಾಗುವ ಅಂದಾಜು ಮಾತ್ರ. ಅದರಿಂದ ಇಂತಹ ಮಗುವಿಗೆ ಇಷ್ಟೇ ಅಪಾಯವೆಂದು ಭವಿಷ್ಯ ನುಡಿಯಲಾಗದು.

5. ಮೊದಲ ಪ್ರಶ್ನೆ: ಪರೀಕ್ಷೆ ಬೇಕೇ?

ಮಾಡದೆ ಬಿಟ್ಟ ಅನಗತ್ಯ ಪರೀಕ್ಷೆಯಿಂದ ಆಗುವಷ್ಟು ಉಳಿತಾಯ ಬೇರಾವ ಉಪಾಯದಿಂದಲೂ ಆಗದು. ತಲೆಗೆ ಪೆಟ್ಟು ಬಿದ್ದ ಮಕ್ಕಳನ್ನು ಕುರಿತು ಅಮೆರಿಕದ 25 ತುರ್ತು ಚಿಕಿತ್ಸಾ ಕೇಂದ್ರಗಳಲ್ಲಿ ನಡೆದ ಅಧ್ಯಯನವು 2009ರಲ್ಲಿ ಪ್ರಕಟವಾಯಿತು. ಎಚ್ಚರದಿಂದಿದ್ದ ಅಥವಾ ಪ್ರಜ್ಞೆಯಲ್ಲಿ ಅಲ್ಪವೇ ಏರುಪೇರಾಗಿದ್ದ 42,412 ಮಕ್ಕಳನ್ನು ಅದರಲ್ಲಿ ಗಮನಿಸಲಾಯಿತು. ಅವರಲ್ಲಿ ಶೇಕಡಾ 35 ಮಂದಿಗೆ ಸಿ.ಟಿ. ಸ್ಕ್ಯಾನ್ ಮಾಡಲಾಗಿತ್ತು. ಚಿಕಿತ್ಸೆಯ ದೃಷ್ಟಿಯಿಂದ ಗಂಭೀರವೆನಿಸುವ ಮಿದುಳಿನ ಗಾಯ ಕಂಡುಬಂದುದು ಶೇಕಡಾ 0.9ರಷ್ಟು ಮಕ್ಕಳಲ್ಲಿ ಮಾತ್ರ. ಮಿದುಳಿನ ಶಸ್ತ್ರಚಿಕಿತ್ಸೆ ಬೇಕಾದುದು 60 ಮಕ್ಕಳಿಗೆ.

ಆ ಅಧ್ಯಯನದ ಪ್ರಕಾರ, ಎರಡು ವರ್ಷ ತುಂಬಿದ ಮಗುವಿನಲ್ಲಿ ವೈದ್ಯರು ಮುಖ್ಯವಾಗಿ ನೋಡಬೇಕಾದ ಲಕ್ಷಣಗಳು ಇವು: ಮಂಪರು ಅಥವಾ ಗೊಂದಲ, ಪ್ರಜ್ಞೆ ತಪ್ಪಿದ್ದು, ವಾಂತಿ, ತೀವ್ರ ತಲೆನೋವು, ತಲೆಬುರುಡೆಯ ತಳ ಮುರಿದಿರುವ ಚಿಹ್ನೆ, ಐದು ಅಡಿಗಿಂತ ಎತ್ತರದಿಂದ ಬಿದ್ದಿರುವುದು, ವಾಹನ ಬಡಿದಿರುವುದು ಮುಂತಾದ ಭಾರಿ ಆಘಾತ. ಇವಾವುವೂ ಇಲ್ಲದ ಮಗುವಿಗೆ ಗಂಭೀರ ಗಾಯವಾಗಿರುವ ಸಂಭವ ಅತ್ಯಲ್ಪ. ಸ್ಕ್ಯಾನ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಪ್ರಜ್ಞೆಯ ಏರುಪೇರು ಅಥವಾ ಬುರುಡೆ ಮುರಿದ ಚಿಹ್ನೆಯಿದ್ದರೆ ತಡಮಾಡದೆ ಸ್ಕ್ಯಾನ್ ಮಾಡಬೇಕು. ಉಳಿದ ಲಕ್ಷಣಗಳಲ್ಲಿ ಒಂದು ಮಾತ್ರ ಇದ್ದರೆ ಕೆಲವು ಗಂಟೆಗಳ ಕಾಲ ಆಸ್ಪತ್ರೆಯಲ್ಲಿ ಮಗುವಿನ ಮೇಲೆ ನಿಗಾ ಇಟ್ಟು ನಿರ್ಧರಿಸಬಹುದು. ಎರಡು ವರ್ಷದೊಳಗಿನ ಶಿಶುಗಳಿಗೆ ಮಾನದಂಡಗಳು ಬೇರೆ. ಮೂರು ಅಡಿಗಿಂತ ಎತ್ತರದಿಂದ ಬಿದ್ದಿದ್ದರೆ, ಹಣೆಯ ಹೊರತು ತಲೆಯ ಬೇರೆಡೆ ಊತವಿದ್ದರೆ, ಮಗು ಎಂದಿನಂತಿಲ್ಲವೆಂದು ತಾಯಿ ಹೇಳಿದರೆ ಅದನ್ನು ಗಂಭೀರವಾಗಿ ಪರಿಗಣಿಸಬೇಕು. ನಿರ್ಣಯವು ಯಾವಾಗಲೂ ಮಗುವನ್ನು ಕಣ್ಣಾರೆ ನೋಡಿದ ವೈದ್ಯರದೇ.

ಹೊಟ್ಟೆನೋವಿನಲ್ಲಿ ಅಪೆಂಡಿಕ್ಸ್ ಉರಿಯೂತದ ಶಂಕೆಯಿದ್ದರೆ ಮೊದಲು ವಿಕಿರಣವಿಲ್ಲದ ಅಲ್ಟ್ರಾಸೌಂಡ್ ಪರೀಕ್ಷೆ ಮಾಡಬಹುದು. ನಮ್ಮ ದೇಶದಲ್ಲಿ ಲಾಡಿಹುಳುವಿನ ಕೋಶಗಳು ಮಿದುಳಿನಲ್ಲಿ ನೆಲೆಸಿ ಮಕ್ಕಳಿಗೆ ಸೆಳವು ಬರುವುದುಂಟು. ಇಂತಹ ಮಕ್ಕಳಿಗೆ ಮತ್ತೆ ಮತ್ತೆ ಚಿತ್ರ ತೆಗೆಯಬೇಕಾದಾಗ, ಸೌಲಭ್ಯವಿರುವೆಡೆ ಎಂ.ಆರ್.ಐ. ಪರೀಕ್ಷೆಯನ್ನು ಆರಿಸಿಕೊಳ್ಳುವುದು ಒಳ್ಳೆಯದು.

6. ಪ್ರಮಾಣವನ್ನು ತಗ್ಗಿಸುವ ಮಾರ್ಗಗಳು

ಪರೀಕ್ಷೆ ಅಗತ್ಯವೆಂದು ತೀರ್ಮಾನವಾದ ಮೇಲೆ ಉಳಿದ ಹೊಣೆ ತಂತ್ರಜ್ಞನದು ಮತ್ತು ರೇಡಿಯಾಲಜಿಸ್ಟರದು.

(ಅ) ವಿದ್ಯುತ್ ಪ್ರವಾಹ: ಮಿಲಿಆಂಪಿಯರ್-ಸೆಕೆಂಡಿನ ಸಂಖ್ಯೆಯನ್ನು ಅರ್ಧಕ್ಕಿಳಿಸಿದರೆ ವಿಕಿರಣವೂ ಅರ್ಧಕ್ಕಿಳಿಯುತ್ತದೆ. ಚಿತ್ರದಲ್ಲಿ ಚುಕ್ಕೆಚುಕ್ಕೆಯಾಗಿ ಕಾಣುವ ಒರಟುತನ ಮಾತ್ರ ಸುಮಾರು ಶೇಕಡಾ 41ರಷ್ಟು ಹೆಚ್ಚುತ್ತದೆ. ಚಿಕ್ಕ ದೇಹದಲ್ಲಿ ಕಿರಣಗಳು ಸುಲಭವಾಗಿ ಹಾದುಹೋಗುವುದರಿಂದ ಕಡಿಮೆ ಪ್ರವಾಹದಲ್ಲಿಯೂ ಸಾಕಷ್ಟು ಸ್ಪಷ್ಟ ಚಿತ್ರ ದೊರೆಯುತ್ತದೆ.

(ಆ) ವೋಲ್ಟೇಜ್: 120 ಕಿಲೋವೋಲ್ಟಿನಿಂದ 80ಕ್ಕೆ ಇಳಿಸಿದರೆ, ಪ್ರವಾಹವನ್ನು ಬದಲಿಸದಿದ್ದಲ್ಲಿ, ಪ್ರಮಾಣವು ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅಯೋಡಿನ್ ಔಷಧಿಯನ್ನು ರಕ್ತನಾಳಕ್ಕೆ ಚುಚ್ಚಿ ಮಾಡುವ ಪರೀಕ್ಷೆಗಳಲ್ಲಿ ಕಡಿಮೆ ವೋಲ್ಟೇಜಿನಿಂದ ರಕ್ತನಾಳಗಳು ಇನ್ನಷ್ಟು ಎದ್ದು ಕಾಣುವ ಲಾಭವೂ ಉಂಟು.

(ಇ) ಉದ್ದದ ಮಿತಿ: ಬೇಕಾದ ಭಾಗವನ್ನಷ್ಟೇ ಪರೀಕ್ಷಿಸಬೇಕು. ತಲೆಯ ಪರೀಕ್ಷೆಯು ಕುತ್ತಿಗೆಗೆ ಇಳಿದರೆ ಥೈರಾಯ್ಡ್ ಗ್ರಂಥಿಗೆ ವೃಥಾ ವಿಕಿರಣ ತಗಲುತ್ತದೆ. ಸುರುಳಿ ವಿಧಾನದಲ್ಲಿ ಯಂತ್ರವು ಗುರುತಿಸಿದ ಎಲ್ಲೆಯ ಎರಡೂ ಬದಿಗಳಲ್ಲಿ ಸ್ವಲ್ಪ ಹೆಚ್ಚು ಭಾಗಕ್ಕೆ ಕಿರಣ ಹಾಯಿಸುತ್ತದೆ. ಮಗುವಿನ ಅಂಗಗಳು ಒತ್ತೊತ್ತಾಗಿರುವುದರಿಂದ ಈ ಹೆಚ್ಚುವರಿಯೂ ಗಣನೀಯ.

(ಈ) ಒಂದೇ ಬಾರಿ: ಔಷಧಿ ಕೊಡುವ ಮೊದಲೊಮ್ಮೆ, ಕೊಟ್ಟ ಮೇಲೊಮ್ಮೆ, ತಡವಾಗಿ ಮತ್ತೊಮ್ಮೆ ಎಂದು ಮೂರು ಬಾರಿ ಪರೀಕ್ಷಿಸಿದರೆ ಪ್ರಮಾಣ ಸರಿಸುಮಾರು ಮೂರು ಪಟ್ಟಾಗುತ್ತದೆ. ಮಕ್ಕಳಲ್ಲಿ ಬಹುತೇಕ ಒಂದೇ ಬಾರಿಯ ಪರೀಕ್ಷೆ ಸಾಕು.

(ಉ) ಸರಿಯಾದ ಸ್ಥಾನ: ಈಗಿನ ಯಂತ್ರಗಳು ದೇಹದ ದಪ್ಪಕ್ಕೆ ತಕ್ಕಂತೆ ಪ್ರವಾಹವನ್ನು ತಾವಾಗಿಯೇ ಹೊಂದಿಸಿಕೊಳ್ಳುತ್ತವೆ. ಮಗುವನ್ನು ಯಂತ್ರದ ನಡುಮಧ್ಯದಲ್ಲಿ ಮಲಗಿಸದಿದ್ದರೆ ಯಂತ್ರವು ಗಾತ್ರವನ್ನು ತಪ್ಪಾಗಿ ಅಂದಾಜು ಮಾಡುತ್ತದೆ. ಎದೆಯ ಪರೀಕ್ಷೆಯಲ್ಲಿ ಕೈಗಳನ್ನು ತಲೆಯ ಮೇಲಕ್ಕೆ ಇರಿಸಬೇಕು.

(ಊ) ಮಗುವಿನ ಸಮಾಧಾನ: ಅಲುಗಾಡಿದ ಮಗುವಿನ ಚಿತ್ರ ಕೆಡುತ್ತದೆ, ಪರೀಕ್ಷೆಯನ್ನು ಪುನಃ ಮಾಡಬೇಕಾಗುತ್ತದೆ. ಔಷಧಿ ಚುಚ್ಚಬೇಕಿಲ್ಲದ ಪರೀಕ್ಷೆಗೆ ಮುಂಚೆ ಹಸುಗೂಸಿಗೆ ಹಾಲೂಡಿಸಿ, ಬಟ್ಟೆಯಲ್ಲಿ ಬೆಚ್ಚಗೆ ಸುತ್ತಿ, ನಿದ್ರೆ ಹತ್ತಿದ ಮೇಲೆ ಪರೀಕ್ಷಿಸುವುದು ಸರಳವಾದ ಉಪಾಯ.

ಚಿತ್ರವು ಅಂದವಾಗಿರಬೇಕೆಂಬುದು ಗುರಿಯಲ್ಲ. ವೈದ್ಯರ ಪ್ರಶ್ನೆಗೆ ಉತ್ತರ ದೊರೆಯಬೇಕೆಂಬುದು ಗುರಿ. ಹಾಗೆಂದು ಉತ್ತರವೇ ದೊರೆಯದಷ್ಟು ಪ್ರಮಾಣವನ್ನು ತಗ್ಗಿಸಿದರೆ, ತಗಲಿದ ಅಷ್ಟು ವಿಕಿರಣವೂ ವ್ಯರ್ಥವಾಗುತ್ತದೆ.

7. ಮಾರ್ಗಸೂಚಿ ಮಟ್ಟಗಳು ಮತ್ತು ನಿಯಂತ್ರಣ

ವಿಕಿರಣದೊಡನೆ ಕೆಲಸ ಮಾಡುವವರಿಗೂ ಸಾರ್ವಜನಿಕರಿಗೂ ಪ್ರಮಾಣದ ಮಿತಿಗಳನ್ನು ನಿಗದಿಪಡಿಸಲಾಗಿದೆ. ರೋಗಿಗೆ ಅಂತಹ ಮಿತಿಯಿಲ್ಲ. ಏಕೆಂದರೆ ಅಗತ್ಯವಾದ ಪರೀಕ್ಷೆಯನ್ನು ಮಿತಿಯ ಹೆಸರಿನಲ್ಲಿ ತಡೆಯಲಾಗದು. ಅದರ ಬದಲಿಗೆ ಹೋಲಿಕೆಗಾಗಿ ಮಾರ್ಗಸೂಚಿ ಮಟ್ಟಗಳನ್ನು ಬಳಸುತ್ತಾರೆ. ಅಂತರರಾಷ್ಟ್ರೀಯ ವಿಕಿರಣ ಸಂರಕ್ಷಣಾ ಆಯೋಗವು 1996ರಲ್ಲಿ ಈ ಪರಿಭಾಷೆಯನ್ನು ಬಳಕೆಗೆ ತಂದಿತು. ಯುರೋಪಿಯನ್ ಆಯೋಗವು 2018ರಲ್ಲಿ ಪ್ರಕಟಿಸಿದ ಮಟ್ಟಗಳ ಪ್ರಕಾರ, ತಲೆಯ ಪರೀಕ್ಷೆಯಲ್ಲಿ ಡಿ.ಎಲ್.ಪಿ.ಯು ಮೂರು ತಿಂಗಳೊಳಗಿನ ಶಿಶುವಿಗೆ 300, ಒಂದು ವರ್ಷದೊಳಗೆ 385, ಆರು ವರ್ಷದೊಳಗೆ 505, ಅದಕ್ಕೆ ಮೇಲ್ಪಟ್ಟು 650. ನಮ್ಮ ಮೊದಲ ಉದಾಹರಣೆಯ 400 ಇದರೊಳಗೇ ಇದೆ. ಒಂದು ಕೇಂದ್ರದ ಸಂಖ್ಯೆಗಳು ಇಂತಹ ಮಟ್ಟವನ್ನು ಪದೇ ಪದೇ ಮೀರುತ್ತಿದ್ದರೆ ಅಲ್ಲಿಯ ವಿಧಾನವನ್ನು ಪರಿಶೀಲಿಸಬೇಕೆಂದು ಅರ್ಥ.

ನಮ್ಮ ದೇಶದಲ್ಲಿ 1983ರ ನವೆಂಬರ್ 15ರಂದು ಸ್ಥಾಪನೆಗೊಂಡ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ವೈದ್ಯಕೀಯ ವಿಕಿರಣ ಯಂತ್ರಗಳ ಮೇಲ್ವಿಚಾರಣೆ ನಡೆಸುತ್ತದೆ. ಸಿ.ಟಿ. ಯಂತ್ರವನ್ನು ನಡೆಸಲು ಮಂಡಳಿಯ ಲೈಸೆನ್ಸ್ ಅಗತ್ಯ. ರೋಗನಿರ್ಣಯದ ಕ್ಷ-ಕಿರಣ ಯಂತ್ರಗಳಿಗೆ ಸಂಬಂಧಿಸಿದ ಸುರಕ್ಷತಾ ಸಂಹಿತೆಯ ಪರಿಷ್ಕೃತ ರೂಪವನ್ನು ಮಂಡಳಿಯು 2016ರಲ್ಲಿ ಹೊರತಂದಿತು. ಯಂತ್ರದ ಗುಣಮಟ್ಟವನ್ನು ನಿಯತಕಾಲಿಕವಾಗಿ ಪರೀಕ್ಷಿಸುವುದು ಮತ್ತು ವಿಕಿರಣ ಸುರಕ್ಷತಾ ಅಧಿಕಾರಿಯನ್ನು ನೇಮಿಸುವುದು ಕೇಂದ್ರಗಳ ಕರ್ತವ್ಯ.

8. ತಂದೆತಾಯಿಗಳು ಏನು ಮಾಡಬಹುದು?

• ಈ ಪರೀಕ್ಷೆಯಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ, ವಿಕಿರಣವಿಲ್ಲದ ಬೇರೆ ಪರೀಕ್ಷೆ ಸಾಧ್ಯವೇ ಎಂದು ವೈದ್ಯರನ್ನು ವಿನಯದಿಂದ ಕೇಳಿರಿ.
• ಯಂತ್ರವನ್ನು ಮಗುವಿನ ಗಾತ್ರಕ್ಕೆ ಹೊಂದಿಸಲಾಗುವುದೇ ಎಂದು ವಿಚಾರಿಸಿರಿ.
• ಹಿಂದಿನ ಸ್ಕ್ಯಾನ್‌ಗಳ ಫಿಲ್ಮು, ಸಿ.ಡಿ. ಮತ್ತು ವರದಿಯನ್ನು ಜೋಪಾನವಾಗಿಡಿ. ಪನ್ವೇಲಿನಲ್ಲಿ ಮಾಡಿಸಿದ ಪರೀಕ್ಷೆಯನ್ನು ಮುಂಬಯಿಯ ಆಸ್ಪತ್ರೆಯಲ್ಲಿ ಪುನಃ ಮಾಡಿಸಬೇಕಾಗಿ ಬರುವುದು ಅನೇಕ ವೇಳೆ ಹಳೆಯ ಚಿತ್ರ ಕೈಯಲ್ಲಿಲ್ಲದ ಕಾರಣದಿಂದಲೇ.
• ದಿನಾಂಕ, ಪರೀಕ್ಷಿಸಿದ ಅಂಗ ಮತ್ತು ಡಿ.ಎಲ್.ಪಿ. ಸಂಖ್ಯೆಯನ್ನು ಲಸಿಕೆಯ ಕಾರ್ಡಿನೊಡನೆ ಬರೆದಿಟ್ಟುಕೊಳ್ಳಿರಿ.
• ಮಗುವಿನ ಜೊತೆ ಒಳಗೆ ನಿಲ್ಲಬೇಕಾದರೆ ಸೀಸದ ಏಪ್ರನ್ ಧರಿಸಿರಿ. ಗರ್ಭಿಣಿಯರು ನಿಲ್ಲಬಾರದು.
• ಪರೀಕ್ಷೆ ಮುಗಿದ ಮೇಲೆ ಮಗುವಿನ ಮೈಯಲ್ಲಿ ಕ್ಷ-ಕಿರಣ ಉಳಿಯುವುದಿಲ್ಲ. ಮಗುವನ್ನು ಎತ್ತಿಕೊಳ್ಳಲು, ಹಾಲೂಡಿಸಲು ವಿಕಿರಣದ ಭಯ ಬೇಡ.

ಉಪಸಂಹಾರ

ಔಷಧಿಯನ್ನು ಮಗುವಿನ ತೂಕ ನೋಡಿ ಕೊಡುವುದು ಎಲ್ಲರೂ ಬಲ್ಲ ಕ್ರಮ. ವಯಸ್ಕರ ಗುಳಿಗೆಯನ್ನು ಹಸುಗೂಸಿಗೆ ಯಾರೂ ಕೊಡುವುದಿಲ್ಲ. ವಿಕಿರಣಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ಬಿದ್ದ ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ ಸ್ಕ್ಯಾನ್ ಬೇಡವೆಂದು ಹೇಳುವಾಗ ಅದರ ಕಾರಣವನ್ನೂ, ಬೇಕೆಂದು ಹೇಳುವಾಗ ಅದರ ಅಳತೆಯನ್ನೂ ತಿಳಿಸಬಲ್ಲ ಸಿಬ್ಬಂದಿಯು ಪ್ರತಿಯೊಂದು ಕೇಂದ್ರದಲ್ಲಿಯೂ ಇರಬೇಕು.

ಅಭ್ಯಾಸ

1. ಒಂದು ವರ್ಷದ ಮಗುವಿನ ತಲೆಯ ಪರೀಕ್ಷೆಯಲ್ಲಿ ಸಿ.ಟಿ.ಡಿ.ಐ. 20 ಮಿಲಿಗ್ರೇ, ಉದ್ದ 14 ಸೆಂಟಿಮೀಟರ್. ಪರಿಣಾಮಕಾರಿ ಪ್ರಮಾಣ ಎಷ್ಟು?
2. ಸಮಾನ ವ್ಯಾಸ 15 ಸೆಂಟಿಮೀಟರ್ ಇರುವ ಮಗುವಿನ ಹೊಟ್ಟೆಯ ಪರೀಕ್ಷೆಯಲ್ಲಿ 32 ಸೆಂಟಿಮೀಟರ್ ಉರುಳೆಯ ಸಿ.ಟಿ.ಡಿ.ಐ. 2.5 ಮಿಲಿಗ್ರೇ. ಮಗುವಿಗೆ ತಗಲಿದ ಪ್ರಮಾಣ ಎಷ್ಟು?
3. ರೋಗಿಗೆ ವಿಕಿರಣದ ಮಿತಿಯನ್ನು ಏಕೆ ನಿಗದಿಪಡಿಸಿಲ್ಲ? ವಿವರಿಸಿರಿ.

ಉತ್ತರ: 1) 280 × 0.0067 = ಸುಮಾರು 1.9 ಮಿಲಿಸೀವರ್ಟ್. 2) 2.5 × 2.14 = ಸುಮಾರು 5.4 ಮಿಲಿಗ್ರೇ. 3) ಏಳನೆಯ ಭಾಗವನ್ನು ನೋಡಿರಿ.